ಪುಟ್ಟಿ ಸೋಮವಾರ ಕೆಲಸಕ್ಕೆ ಸೇರೋ ಮುಂಚೆ

ಹಲೋ, ಬರ್ತಿದೆಯಾ... ಹಾಂ, ಕೆಂಪು ದೀಪ ಬಂತು. ನೋಡೇ ತಂಗಿ, ಬೆಳಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡಿದೆ. ಪುಟ್ಟಿಗೆ ಎಂಎಸ್‌ಡಬ್ಲ್ಯೂ, ಅದೇ ಸಮಾಜಕಾರ್ಯದ ಎಂಎ, ಮುಗೀತು, ಒಂದು ಸಂಸ್ಥೇಲಿ ಕಮ್ಯುನಿಟಿ ಆರ್ಗನೈಜರ್, ಅಂದ್ರೆ ಸಮುದಾಯ ಸಂಘಟಕಿ, ಅಂತ ಕೆಲಸ ಸಿಕ್ಕಿದೆ, ತಿಂಗಳಿಗೆ 18 ಸಾವಿರ, ಸೋಮವಾರ ಬಂದು ಸೇರು ಅಂದಿದ್ದಾರೆ, ಕಳಿಸೋದಾ ಬೇಡ್ವಾ, ಇದರಲ್ಲಿ ಮುಂದೆ ಭವಿಷ್ಯ ಇದೆಯಾ ಅಂತ ಕೇಳಿದ್ದೀಯ. ಅದರ ಕೆಳಗೆ ಒಬ್ಬರು ಬ್ಯಾಂಕ್ ಪರೀಕ್ಷೆ ಕಟ್ಟಿಸು ಅಂತಾರೆ, ಇನ್ನೊಬ್ಬರು ಬಿಎಡ್ ಮಾಡ್ಸು ಅಂತಾರೆ. ಈ ಮನೇಲಿ ಆ ಕೆಲಸ ಮಾಡಿದವಳು ನಾನೊಬ್ಬಳೇ. ಟೈಪ್ ಮಾಡಕ್ಕೆ ಕಣ್ಣು ಸರಿಹೋಗಲ್ಲ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಪೂರ್ತಿ ಕೇಳಿ.

ಕೆಲಸ ಕೆಟ್ಟದಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ನೀನು ಸಂಬಳ ಎಷ್ಟು, ಊರು ದೂರ ಎಷ್ಟು ಅಂತ ಕೇಳ್ತಿದ್ದೀಯಲ್ಲ, ನನ್ನ ಭಯ ಅದ್ಯಾವುದೂ ಅಲ್ಲ. ನನ್ನ ಭಯ ದುಡ್ಡು ಮುಟ್ಟೋ ವಿಷಯ. ಪುಟ್ಟಿ, ಪಕ್ಕದಲ್ಲಿದ್ರೆ ನೀನೇ ಕೇಳಮ್ಮ. ಹೆಂಗಸರು ಸೇರಿ ಉಳಿತಾಯ ಮಾಡೋ ಸಂಘದ ದುಡ್ಡು ನಿನ್ನ ಕೈಲಿ ಒಂದು ರಾತ್ರಿ ಕೂಡ ಇರಬಾರದು. ಬೇರೆಯವರ ಸಾಲದ ಕಂತು ನಿನ್ನ ಜೇಬಿಂದ ಒಂದು ರೂಪಾಯಿ ಕೂಡ ಕಟ್ಟಬಾರದು. ಯಾಕೆ ಅಂತ ಹೇಳ್ತೀನಿ.

ನಾನು ರಾಮನಗರದ ಕಡೆ ಕೆಲಸ ಮಾಡ್ತಿದ್ದೆನಲ್ಲ, ಅಮ್ಮ ಇದ್ದಾಗ, ಆಗ ನನ್ನ ಜೊತೆ ಒಂದು ಹುಡುಗಿ ಇದ್ದಳು. ನಮ್ಮ ಹಳೇ ಮನೆಗೂ ಬಂದಿದ್ದಾಳೆ, ಯುಗಾದಿಗೆ, ದೊಡ್ಡಕ್ಕನಿಗೆ ನೆನಪಿರುತ್ತೆ, ಉದ್ದ ಜಡೆ. ಹೆಸರು ಇಲ್ಲಿ ಬೇಡ. ಅವಳು ಅದೇ ಹೋಬಳಿ ಹುಡುಗಿ, ಅಪ್ಪ ಹಿಪ್ಪುನೇರಳೆ ಹಾಕಿ ಹುಳ ಸಾಕ್ತಿದ್ರು. ಅವಳು ಒಂದು ಬೀದಿಗೆ ಹೋದ್ರೆ ಸಾಕು, ಹೆಂಗಸರು ರೇಷ್ಮೆ ಬಿಚ್ಚೋ ಒಲೆ ಮುಂದಿಂದ ಎದ್ದು ಬರೋರು. ನಾನು ಅಷ್ಟು ಹೊತ್ತು ಕೂತು ಮಾತಾಡಿದ್ರೂ ಬಾಯಿ ಬಿಡದವರು ಅವಳ ಹತ್ರ ಗಂಡ ಕುಡಿಯೋದು, ಮಗಳ ಓದು ಬಿಡಿಸಿದ್ದು, ಎಲ್ಲಾ ಹೇಳೋರು. ಈ ಕೆಲಸಕ್ಕೆ ಬೇಕಾಗಿದ್ದೇ ಅದು. ಡಿಗ್ರಿ ಆಮೇಲೆ.

ಮೊದಮೊದಲು ಎಲ್ಲಾ ಸರಿಯಾಗೇ ಇತ್ತು. ಸಂಘಕ್ಕೆ 15ರಿಂದ 20 ಜನ, ವಾರಕ್ಕೊಂದು ಸಭೆ, 10 ರೂಪಾಯಿ ಉಳಿತಾಯ, ಅದರಲ್ಲೇ ಒಳಸಾಲ, ಅದಕ್ಕೊಂದು ಪುಸ್ತಕ. ಬ್ಯಾಂಕಿನವರು ಸಂಘಗಳಿಗೆ ಸಾಲ ಕೊಡೋದು ನಬಾರ್ಡ್ ಅಂತ ಕೃಷಿ, ಹಳ್ಳಿ ಅಭಿವೃದ್ಧಿಗೆ ಇರೋ ರಾಷ್ಟ್ರೀಯ ಬ್ಯಾಂಕು 1992ರಲ್ಲಿ 500 ಸಂಘಗಳಿಂದ ಶುರು ಮಾಡಿದ್ದು. ಅದಕ್ಕೂ ಮುಂಚೆ, 80ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯವರು ಹೆಂಗಸರು ಗಂಡಸರನ್ನ ಚಿಕ್ಕ ಚಿಕ್ಕ ಸಂಘ ಮಾಡಿ ತೋರಿಸಿದ್ದರು. ನಾವೆಲ್ಲ ಆ ದಾರೀಲೇ ಕಲಿತವರು. ಸಂಘದ ಖಾತೆ ಸಂಘದ ಹೆಸರಲ್ಲಿ, ಸಹಿ ಸದಸ್ಯರದ್ದು. ಸಂಘಟಕಿ ಬರೀ ಪಕ್ಕದಲ್ಲಿ ಕೂರೋಳು. ಹೆಬ್ಬೆಟ್ಟು ಒತ್ತುತ್ತಿದ್ದವರು ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಎದುರಿಗೆ ಕುರ್ಚಿ ಎಳ್ಕೊಂಡು ಕೂತು ಸಹಿ ಹಾಕಿ ಬಂದಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಆ ಸಂತೋಷಕ್ಕೆ ಯಾವ ಸಂಬಳಾನೂ ಸಾಟಿ ಅಲ್ಲ, ಇವತ್ತಿಗೂ ಹೇಳ್ತೀನಿ.

ಆಮೇಲೆ ಏನಾಯ್ತು, ನಾವಿದ್ದ ಸಂಸ್ಥೆ ಸಂಘ ಕಟ್ಟೋದು ಬಿಟ್ಟು ತಾನೇ ಸಾಲ ಕೊಡಕ್ಕೆ ನಿಂತ್ಕೊಳ್ತು. ಕೆಲಸದ ಹೆಸರು ಅದೇ, ಸಮುದಾಯ ಸಂಘಟಕಿ. ಕೆಲಸ ಮಾತ್ರ ವಸೂಲಿ. ಬೆಳಗ್ಗೆ ಏಳು ಗಂಟೆಗೆ ಸಾಲ ತಗೊಂಡವರೆಲ್ಲ ಸೇರೋ ಸೆಂಟರ್ ಮೀಟಿಂಗು, ವಸೂಲಿ ಹಾಳೆ ತುಂಬಬೇಕು, ನೂರಕ್ಕೆ ನೂರು ತೋರಿಸ್ಬೇಕು. ಯಾರೋ ಒಬ್ಬಳು ಕಂತು ತರಲಿಲ್ಲ ಅಂದ್ರೆ ಅವಳು ತರೋ ತನಕ ಉಳಿದವರು ಯಾರೂ ಎದ್ದು ಹೋಗೋ ಹಾಗಿಲ್ಲ. ಆ ಹೆಂಗಸರಿಗೆ ಒಲೆ ಮೇಲೆ ನೀರು ಕುದೀತಿರುತ್ತೆ, ಗೂಡು ಹಾಳಾಗುತ್ತೆ. ನಮಗೆ ಸಾಲದ ಕಾಗದದ ಮೇಲೂ ಒಂದು ಸಹಿ ಹಾಕು ಅಂದ್ರು, ಜನ ನಿಮ್ಮನ್ನ ನಂಬ್ತಾರೆ, ನೀವೇ ಹೊಣೆ ಅಂತ. ನಾನು ಹಾಕಲ್ಲ ಅಂದೆ. ನನ್ನನ್ನ ಬೇರೆ ತಾಲೂಕಿಗೆ ಎತ್ತಿ ಹಾಕಿದ್ರು. ಅವಳು ಹಾಕಿದಳು, ಮನೇಲಿ ಕಷ್ಟ ಇತ್ತು, ತಮ್ಮನ ಓದಿತ್ತು.

2009ರಲ್ಲಿ ಕೋಲಾರ, ರಾಮನಗರ ಕಡೆ ಹೆಂಗಸರು ಕಂತು ಕಟ್ಟೋದೇ ನಿಲ್ಲಿಸಿದ್ರಲ್ಲ, ಪೇಪರಲ್ಲೆಲ್ಲ ಬಂದಿತ್ತು. ಒಬ್ಬೊಬ್ಬಳ ಮೇಲೆ ಮೂರು ನಾಲ್ಕು ಕಂಪನಿ ಸಾಲ, ರೇಷ್ಮೆ ಕೆಲಸ ಸರಿಯಾಗಿಲ್ಲ, ಎಲ್ಲಿಂದ ಕಟ್ತಾರೆ? ಇವಳ ಸೆಂಟರಲ್ಲೂ ನಿಂತುಹೋಯ್ತು. ಮೇಲಿನಿಂದ ದಿನಾ ಫೋನು. ಇವಳು ಏನು ಮಾಡಿದಳು, ಇಬ್ಬರು ಮೂವರದ್ದು ತಾನೇ ಕಟ್ಟಿದಳು. ಮುಂದಿನ ವಾರ ಅವರು ಕೊಡ್ತಾರೆ ಅಂತ. ಆಮೇಲೆ ಆರೇಳು ಜನದ್ದು. ಸಂಬಳ ಸಾಲಲಿಲ್ಲ, ಅಮ್ಮ ಕೊಟ್ಟ ಸರ ಅಡ ಇಟ್ಟಳು. ಹಾಳೇಲಿ ಮಾತ್ರ ನೂರಕ್ಕೆ ನೂರು.

ಈಗ ಗಮನ ಇಟ್ಟು ಕೇಳು ಪುಟ್ಟಿ. ಇವಳು ಆ ಹೆಂಗಸರ ಹೆಸರಲ್ಲಿ ರಸೀದಿ ಹರೀತಿದ್ದಳು, ಆಫೀಸ್ ಲೆಕ್ಕಕ್ಕೆ ಅದು ಬೇಕು. ಆದ್ರೆ ಆ ಹೆಂಗಸರು ಮೀಟಿಂಗಿಗೇ ಬರ್ತಿರಲಿಲ್ಲ, ಅವರ ಪಾಸ್‌ಬುಕ್ ಅವರ ಮನೇಲಿ. ಅದರಲ್ಲಿ ಎಂಟ್ರಿ ಇಲ್ಲ. ಆಡಿಟ್ ಬಂತು. ರಸೀದಿ ಒಂದು ಹೇಳುತ್ತೆ, ಪಾಸ್‌ಬುಕ್ ಒಂದು ಹೇಳುತ್ತೆ. ಆ ಹೆಂಗಸರನ್ನ ಕೇಳಿದ್ರೆ ನಾವು ದುಡ್ಡೇ ಕೊಟ್ಟಿಲ್ಲ ಅಂದ್ರು, ಅವರು ನಿಜಾನೇ ಹೇಳಿದ್ದು. ಆಗ ಆಫೀಸಿನವರಿಗೆ ಬೇಕಾಗಿದ್ದು ಸಿಕ್ತು. ಬೇರೆಯವರ ಕಂತನ್ನ ಇವರ ಹೆಸರಿಗೆ ಹಾಕಿ ದುಡ್ಡು ತಿರುಗಿಸಿದ್ದಾಳೆ ಅಂತ ಬರೆದ್ರು. ತನ್ನ ಸರ ಅಡ ಇಟ್ಟು ಕಟ್ಟಿದವಳು ಕಳ್ಳಿ ಆದಳು. ಹಾಳೆ ತುಂಬ್ಸು ಅಂತ ಫೋನ್ ಮಾಡ್ತಿದ್ದ ಮೇಲಿನವರು ಒಬ್ಬರೂ ನಾವು ಹೇಳಿದ್ವಿ ಅಂತ ಬಾಯಿ ಬಿಡಲಿಲ್ಲ. ಕೆಲಸ ಹೋಯ್ತು. ಊರವರು ಅವರಪ್ಪನ ಮನೆ ಮುಂದೆ ನಿಂತ್ರು, ನಮ್ಮ ದುಡ್ಡು ಎಲ್ಲಿ ಅಂತ. ಇದ್ದ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಮಾರಿದ್ರು ಅವರಪ್ಪ, ಮಗಳ ಮಾನ ಉಳಿಸ್ಕೊಳ್ಳಕ್ಕೆ. ಅವಳು ಬೆಂಗಳೂರಿಗೆ ಹೋಗಿ ಗಾರ್ಮೆಂಟ್ ಸೇರ್ಕೊಂಡಳು. ಆ ಹೋಬಳಿಗೆ ಅವಳಂಥ ಸಂಘಟಕಿ ಇನ್ನೊಬ್ಬಳು ಬರಲಿಲ್ಲ.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ. ಸಂಘದ ದುಡ್ಡು ಒಂದು ರಾತ್ರಿ ಕೂಡ ನಿನ್ನ ಕೈಲಿ ಇರಬಾರದು. ಬೇರೆಯವರ ಕಂತು ನೀನು ಕಟ್ಟಬಾರದು. ಪಾಪ ಅನ್ನಿಸುತ್ತೆ, ಆದ್ರೂ ಕಟ್ಟಬಾರದು. ಬ್ಯಾಂಕ್ ರಜಾ ಇದೆ ಅಕ್ಕ, ನೀವೇ ಇಟ್ಕೊಂಡಿರಿ ಅಂತಾರೆ, ಪ್ರೀತಿಯಿಂದಾನೇ ಅಂತಾರೆ. ಬೇಡ ಅನ್ನು. ಸಂಘದ ಪೆಟ್ಟಿಗೆ ಇರುತ್ತೆ, ಬೀಗದ ಕೈ ಒಬ್ಬಳ ಹತ್ರ, ಪೆಟ್ಟಿಗೆ ಇನ್ನೊಬ್ಬಳ ಹತ್ರ, ಅದರಲ್ಲೇ ಇರಲಿ.

ಈಗ ಕಾಲ ಬದಲಾಗಿದೆ ಅಂತ ಯಾರಾದ್ರೂ ಹೇಳಬಹುದು. ಬದಲಾಗಿದೆ ಹೌದು, ಆದ್ರೆ ಬಾಗಿಲಿಗೆ ಹೋಗೋದು ಇವತ್ತಿಗೂ ಇಂಥ ಮಕ್ಕಳೇ. 2025ರ ಫೆಬ್ರವರೀಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂತಲ್ಲ, ಸಾಲ ತಗೊಂಡವರಿಗೆ ಕಿರುಕುಳ ಕೊಟ್ರೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಬರಲೇಬೇಕಿತ್ತು, ಎಷ್ಟು ಜನ ಊರು ಬಿಟ್ಟು ಹೋದ್ರು. ಆದ್ರೆ ನಾಳೆ ಪೊಲೀಸ್ ಬಂದಾಗ ಬಾಗಿಲಲ್ಲಿ ನಿಂತಿರೋರು ಯಾರು? ಎಸಿ ರೂಮಲ್ಲಿ ಟಾರ್ಗೆಟ್ ಬರೆದವನಲ್ಲ. ಸ್ಕೂಟಿ ಮೇಲೆ ಹೋದ 22 ವರ್ಷದ ಹುಡುಗಿ.

ಒಂದು ನಿಮಿಷ... ಹಾಲಿನವನು. ಹಾಂ.

ಇನ್ನೊಂದು ವಿಷಯ ನನ್ನ ಮನಸ್ಸಲ್ಲಿ ತುಂಬಾ ದಿನದಿಂದ ಇದೆ, ಇವತ್ತು ಮಾತು ಬಂದಿದ್ದಕ್ಕೆ ಹೇಳಿಬಿಡ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ನಾನು ಈ ಕೆಲಸ ಮಾಡ್ತಿದ್ದಾಗ ಈ ಗ್ರೂಪಲ್ಲಿರೋ ಎಷ್ಟೋ ಜನ ಏನಂದಿರಿ? ಊರೂರು ತಿರುಗೋಳು. ಕೇರಿಗೆಲ್ಲ ಹೋಗಿ ಕೂತು ಕಾಫಿ ಕುಡೀತಾಳೆ. ಚಿಕ್ಕಮ್ಮನ ಮಗನ ಮದುವೇಲಿ ಬೀಗರಿಗೆ ನನ್ನ ಪರಿಚಯ ಮಾಡ್ಸುವಾಗ ಟೀಚರ್ ಅಂತ ಹೇಳಿದ್ರು. ನಾನು ಟೀಚರ್ ಅಲ್ಲ. ನಾನು ಸಂಘಟಕಿ. ಅದನ್ನ ಹೇಳಕ್ಕೆ ನಿಮಗೆ ಯಾಕೆ ನಾಚಿಕೆ ಆಯ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮತ್ತೆ ಗೃಹಲಕ್ಷ್ಮಿ ಬಂತಲ್ಲ 2023ರಲ್ಲಿ, ಎರಡು ಸಾವಿರ ಖಾತೆಗೆ ಬೀಳ್ತಿಲ್ಲ, ಆಧಾರ್ ಜೋಡಣೆ ಆಗಿಲ್ಲ, ರೇಷನ್ ಕಾರ್ಡಲ್ಲಿ ಯಜಮಾನಿ ಹೆಸರು ತಪ್ಪಿದೆ, ಆಗ ಎಲ್ಲರ ಫೋನೂ ಯಾರಿಗೆ ಬಂತು? ಅತ್ತೆಯವರ ವಿಧವಾ ವೇತನಕ್ಕೆ ನಾಡಕಚೇರೀಲಿ ಸರದಿ ನಿಂತಿದ್ದು ಯಾರು? ಮಾಡಿದ್ದಕ್ಕೆ ಬೇಸರ ಇಲ್ಲ. ಅದು ಕೆಲಸ, ಕಲಿತಿದ್ದು, ಅದಕ್ಕೊಂದು ವಿದ್ಯೆ ಬೇಕು ಅಂತ ಒಪ್ಕೊಳ್ಳಿ ಅಷ್ಟೇ.

ಸರ್ಕಾರನೂ ಹಂಗೇ ಮಾಡುತ್ತೆ. ಸಂಬಳ ಅನ್ನಲ್ಲ, ಗೌರವಧನ ಅನ್ನುತ್ತೆ. ಸಂಬಳ ಅಂದ್ರೆ ಪಿಎಫ್ ಕೊಡ್ಬೇಕು, ರಜೆ ಕೊಡ್ಬೇಕು. ಸೇವೆ ಅಂದುಬಿಟ್ರೆ ಏನೂ ಇಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳೀಲಿ ರಾತ್ರಿಯೆಲ್ಲಾ ಮಲಗಿದ್ರು, ಆಮೇಲೆ ತಿಂಗಳಿಗೆ 10,000 ಖಾತ್ರಿ ಅಂತ ಮುಖ್ಯಮಂತ್ರಿ ಮಾತು ಕೊಟ್ರು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಮನೆಮನೆಗೆ ಹೋಗೋ ಹೆಣ್ಣುಮಕ್ಕಳ ದುಡಿಮೆ ಯಾರ ಕಣ್ಣಿಗೂ ದುಡಿಮೆ ಥರ ಕಾಣಲ್ಲ. ನನ್ನ ಕೈಗೆ ಕೊನೇಗೆ ಬಂದಿದ್ದು ಒಂದು ಶಾಲು, ಒಂದು ಫಲಕ. ಪಿಎಫ್ ನಂಬರ್ ಅಂತ ಒಂದಿರಲಿಲ್ಲ. ಇವತ್ತು ಬಿಪಿ ಮಾತ್ರೆಗೂ ಮಗನ ಹತ್ರ ಕೇಳೋ ಹಾಗಾಗಿದೆ, ಅವನು ಕೊಡ್ತಾನೆ, ಕೊಡಲ್ಲ ಅಂತಲ್ಲ, ಆದ್ರೂ.

ಹಾಂ, ಪಿಎಫ್ ಅಂದಾಗ ನೆನಪಾಯ್ತು, ನೀನು ಕೇಳಿದ್ದು ಅದಲ್ವಾ, ಕಳಿಸೋದಾ ಬೇಡ್ವಾ ಅಂತ. ಕಳಿಸು. ಆದ್ರೆ ಸೋಮವಾರ ಸಹಿ ಹಾಕೋ ಮುಂಚೆ ನೇಮಕಾತಿ ಆದೇಶ ಕೈಗೆ ತಗೋಬೇಕು. ಬಾಯಿ ಮಾತಲ್ಲಿ ನಾಳೆಯಿಂದ ಬಾ ಅಂದ್ರೆ ಹೋಗ್ಬೇಡ. ಅದರಲ್ಲಿ ವೇತನ ಅಂತ ಬರೆದಿದ್ದಾರಾ, ಗೌರವಧನ ಅಂತ ಬರೆದಿದ್ದಾರಾ ನೋಡು. 20 ಜನ ಕೆಲಸಕ್ಕಿರೋ ಸಂಸ್ಥೆ ಆದ್ರೆ ಪಿಎಫ್ ಕಟ್ಟಲೇಬೇಕು, ಕೇಳು, ಕೇಳಕ್ಕೆ ಸಂಕೋಚ ಬೇಡ. ಪ್ರಾಜೆಕ್ಟ್ ಯಾವತ್ತು ಮುಗಿಯುತ್ತೆ ಅಂತ ಕೇಳು. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್‌ಆರ್ ದುಡ್ಡಲ್ಲಿ ನಡೆಯೋದು ಎರಡು ಮೂರು ವರ್ಷಕ್ಕೆ ಮುಗಿಯುತ್ತೆ, ಆಮೇಲೆ ನಿನ್ನನ್ನ ಎಲ್ಲಿಗೆ ಹಾಕ್ತಾರೆ ಅಂತ ಈಗಲೇ ಗೊತ್ತಿರಲಿ. ಸ್ಕೂಟಿ ಪೆಟ್ರೋಲು ಆ 18 ಸಾವಿರದ ಒಳಗಾ ಹೊರಗಾ ಅದೂ ಕೇಳು, ಒಳಗೆ ಅಂದ್ರೆ ಕೈಗೆ ಉಳಿಯೋದು ಬಹಳ ಕಮ್ಮಿ. ಹೆಣ್ಣುಮಕ್ಕಳ ದೂರು ಕೇಳಕ್ಕೆ ಆಂತರಿಕ ಸಮಿತಿ ಇದೆಯಾ? 10 ಜನ ಇದ್ರೆ ಇರಲೇಬೇಕು, 2013ರ ಕಾಯ್ದೆ. ಎಲ್ಲಕ್ಕಿಂತ ಮುಖ್ಯ, ಕೆಲಸದ ವಿವರ ಅಂತ ಒಂದು ಹಾಳೆ ಕೊಡ್ತಾರೆ, ಅದರಲ್ಲಿ ಸಾಲ ವಸೂಲಿ, ನಗದು ಸಂಗ್ರಹ ಅಂತ ಎಲ್ಲಾದ್ರೂ ಇದೆಯಾ ಹುಡುಕು. ಇದ್ರೆ ಅದು ಸಂಘಟನೆ ಕೆಲಸ ಅಲ್ಲ, ಬೇಡ ಅಂದ್ಬಿಡು, ಇನ್ನೊಂದು ಸಿಗುತ್ತೆ.

ಮುಂದೆ ಭವಿಷ್ಯ ಅಂದೆಯಲ್ಲ. ಎಂಎಸ್‌ಡಬ್ಲ್ಯೂ ಮಾಡಿ ಎರಡು ಮೂರು ವರ್ಷ ಫೀಲ್ಡಲ್ಲಿ ಓಡಾಡಿದವರಿಗೆ ದಾರಿ ಇದೆ. ಆಸ್ಪತ್ರೇಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇದೆ. ಸರ್ಕಾರದ ಸಂಜೀವಿನಿ ಯೋಜನೇಲಿ ಹೆಂಗಸರ ಸಂಘಗಳ ಒಕ್ಕೂಟ ಇವೆ, ಅವಕ್ಕೆ ತಾಲೂಕು, ಜಿಲ್ಲೆ ಮಟ್ಟದಲ್ಲಿ ಜನ ತಗೊಳ್ತಾರೆ. ದೊಡ್ಡ ಫ್ಯಾಕ್ಟರೀಲಿ ವೆಲ್ಫೇರ್ ಆಫೀಸರ್ ಇದೆ, ಇರಬೇಕು ಅಂತ ಕಾನೂನೇ ಇದೆ. ಅದಕ್ಕೆಲ್ಲ ಅನುಭವ ಪತ್ರ ಕೇಳ್ತಾರೆ, ಅದಕ್ಕೂ ಈ ಆದೇಶ ಬೇಕು.

ಆದೇಶ ಬಂದ ತಕ್ಷಣ ಫೋಟೋ ತೆಗೆದು ನನಗೆ ಒಬ್ಬಳಿಗೇ ಕಳಿಸಮ್ಮ, ಗ್ರೂಪಿಗೆ ಹಾಕಬೇಡ, ಅದರಲ್ಲಿ ನಿನ್ನ ಆಧಾರ್ ನಂಬರ್ ಇರಬಹುದು. ಕೆಲಸದ ವಿವರದ ಹಾಳೆನೂ ಸೇರ್ಸು, ಎರಡೂ ಕಡೆ. ಭಾನುವಾರ ಸಂಜೆ ಸೊಸೆ ಕೈಲಿ ಓದಿಸ್ಕೊಂಡು ಫೋನ್ ಮಾಡ್ತೀನಿ, ಎತ್ತು.