ಕ್ಯಾಪ್ಸೂಲ್ ಬೇಕಾ, ಮಜ್ಜಿಗೆ ಸಾಕಾ? (ಮಿಡಿ ಉಪ್ಪಿನಕಾಯಿ ಜಗಳವೂ ಇದರಲ್ಲೇ ಇದೆ)

ಗೋಪಾಳ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನ್ರಿಗೆ ಹಲ್ಲಿನ ಸೋಂಕಿಗೆ ಒಂದು ವಾರ ಆಂಟಿಬಯೋಟಿಕ್ ಕೊಟ್ಟಿದ್ದರು. ಅದು ಮುಗಿದ ಮೇಲೂ ಹೊಟ್ಟೆ ಉಬ್ಬರ. ಬೆಳಿಗ್ಗೆ ಸರಿಯಾಗಿ ಹೋಗುವುದೂ ಇಲ್ಲ. ಪರಿಚಯದವರೊಬ್ಬರು ಡಯಟ್ ಕೋಚ್ ಅಂತ ಹೇಳಿಕೊಳ್ಳುತ್ತಾರೆ. ಅವರು ಹೇಳಿದ್ದು ಪ್ರೊಬಯೋಟಿಕ್ (ಹೊಟ್ಟೆಗೆ ಒಳ್ಳೆಯದು ಅನ್ನುವ ಜೀವಂತ ಸೂಕ್ಷ್ಮಜೀವಿ) ಕ್ಯಾಪ್ಸೂಲ್, ಅರಿಶಿನದ ಮಾತ್ರೆ, ಒಂದು ನಾರಿನ ಪುಡಿ, ಮೂರೂ ಸೇರಿ ತಿಂಗಳಿಗೆ 2,800 ರೂಪಾಯಿ. ಮೂರು ತಿಂಗಳು ಬಿಡದೆ ತಗೊಳ್ಳಬೇಕಂತೆ. ಅತ್ತೆ ಮಾತ್ರ "ಮಜ್ಜಿಗೆ ಕುಡಿದರೆ ಸಾಕು, ದುಡ್ಡು ಯಾಕೆ ಸುರೀತೀರಿ" ಅಂತಾರೆ. ಗೊತ್ತಿದ್ದವರು ಹೇಳಿ.

ಹೊಸನಗರ ಹೈದ
ಅಕ್ಕಾ, ಅತ್ತೆ ಮಾತು ಕೇಳಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 36 ಜನರನ್ನು 10 ವಾರ ಪಥ್ಯದಲ್ಲಿಟ್ಟು ನೋಡಿದ್ದಾರೆ. ಮೊಸರು, ಹುಳಿ ಬರಿಸಿದ ತರಕಾರಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಜಾಸ್ತಿ ಆಯ್ತು, ಉರಿಯೂತದ ಗುರುತುಗಳು ಕಡಿಮೆ ಆದವು. ನಮ್ಮಲ್ಲಿ ಅಜ್ಜಿ ಕಾಲದಿಂದ ಇದೇ ಊಟ. ಒಂದೆಲಗದ ತಂಬುಳಿ, ಮಜ್ಜಿಗೆ, ಎಲೆ ತುದಿಗೆ ಒಂದು ಮಿಡಿ. ಮಿಡಿ ಉಪ್ಪಿನಕಾಯಿಗಿಂತ ದೊಡ್ಡ ಪ್ರೊಬಯೋಟಿಕ್ ಯಾವ ಕಂಪನಿ ಮಾಡುತ್ತೆ, ತೋರಿಸಿ ನೋಡೋಣ.

ಔಷಧಿ ಅಂಗಡಿ
"ಅಜ್ಜಿ ಕಾಲ" ಅಂತ ಶುರು ಮಾಡಿದ್ರಾ! ಅಜ್ಜಿ ಕಾಲದಲ್ಲಿ ವಾರಗಟ್ಟಲೆ ಆಂಟಿಬಯೋಟಿಕ್ ಯಾರು ನುಂಗುತ್ತಿದ್ದರು? ಕ್ಯಾಪ್ಸೂಲ್ ಅಂದರೆ ಮೋಸ ಅಂತ ಹೇಳುವುದು ಸುಲಭ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ಪ್ರಯೋಗ ಆಗಿದೆ. ಅರ್ಧದಷ್ಟು ಮಕ್ಕಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಅನ್ನುವ ಪ್ರೊಬಯೋಟಿಕ್ ಬ್ಯಾಕ್ಟೀರಿಯಾ ಕೊಟ್ಟರು. ರಕ್ತಕ್ಕೆ ಸೋಂಕು ಏರುವುದು ಮತ್ತು ಸಾವು, ಎರಡೂ ಸೇರಿ ಸುಮಾರು 40% ಇಳಿಯಿತು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದೆ, ಓದಿಕೊಳ್ಳಿ.

ಲ್ಯಾಬ್ ಮೇಷ್ಟ್ರು
ಅಕ್ಕನ ಯಜಮಾನ್ರು ನವಜಾತ ಶಿಶುವಾ? ದೊಡ್ಡವರ ವಿಷಯ ಮಾತಾಡಿ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಇದನ್ನೇ ನೋಡಿದರು. ಆಂಟಿಬಯೋಟಿಕ್ ಆದ ಮೇಲೆ ಪ್ರೊಬಯೋಟಿಕ್ ತಗೊಂಡವರಲ್ಲಿ ಮೊದಲಿದ್ದ ಬ್ಯಾಕ್ಟೀರಿಯಾಗಳು ವಾಪಸ್ ಬರುವುದು ತಿಂಗಳುಗಟ್ಟಲೆ ತಡವಾಯಿತು. ಸುಮ್ನೆ ಬಿಟ್ಟವರಲ್ಲಿ ಬೇಗ ಬಂದವು. ಖಾಲಿ ಗದ್ದೆಗೆ ಹೊರಗಿನವರನ್ನು ಇಳಿಸಿದರೆ ಊರಿನವರಿಗೆ ಜಾಗ ಸಿಗದ ಹಾಗೆ. 2020ರಲ್ಲಿ ಅಮೆರಿಕದ ಹೊಟ್ಟೆ ತಜ್ಞರ ಸಂಘವೂ, ಐಬಿಎಸ್‌ಗೆ (ಪದೇ ಪದೇ ಹೊಟ್ಟೆನೋವು, ಬೇಧಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಪ್ರಯೋಗದ ಹೊರಗೆ ಪ್ರೊಬಯೋಟಿಕ್ ಕೊಡಬೇಡಿ ಅಂತ ಹೇಳಿದೆ.
ಇನ್ನೊಂದು ಮಾತು. ಮಿಡಿ ಉಪ್ಪಿನಕಾಯಿ ಪ್ರೊಬಯೋಟಿಕ್ ಅಲ್ಲ. ಅಷ್ಟು ಉಪ್ಪಿನಲ್ಲಿ ಏನೂ ಬದುಕುವುದಿಲ್ಲ.

ಔಷಧಿ ಅಂಗಡಿ
ಆ ಇಸ್ರೇಲ್ ಪ್ರಯೋಗದಲ್ಲಿ ಇದ್ದದ್ದು 21 ಜನ ಅನ್ನುವುದನ್ನು ಮೇಷ್ಟ್ರು ಹೇಳಲಿಲ್ಲ. ಅದೇ ಅಮೆರಿಕದ ಸಂಘ, ಆಂಟಿಬಯೋಟಿಕ್ ತಗೊಳ್ಳುವವರಿಗೆ ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಬೇಧಿ ತಡೆಯಲು ಕೆಲವು ಪ್ರೊಬಯೋಟಿಕ್ ಕೊಡಬಹುದು ಅಂದದ್ದನ್ನೂ ಹೇಳಲಿಲ್ಲ. ಬೇಕಾದ ಸಾಲು ಮಾತ್ರ ಓದುವುದು ಮೇಷ್ಟ್ರುಗಳ ಅಭ್ಯಾಸ.

ಹೊಸನಗರ ಹೈದ
"ಏನೂ ಬದುಕುವುದಿಲ್ಲ" ಅಂದ್ರಾ? ಮೇಷ್ಟ್ರೇ, ನಮ್ಮನೆ ಭರಣಿ ಒಂದು ಸಲ ತೆಗೆದು ನೋಡಿ. ಮಿಡಿಗೆ ಉಪ್ಪು ಹಾಕಿದ ಮೂರನೇ ದಿನವೇ ನೀರು ಬಿಡುತ್ತೆ. ವಾರ ಕಳೆಯುವಷ್ಟರಲ್ಲಿ ಮಿಡಿ ಚಿರುಟಿ, ಆ ಘಮ ಅಡುಗೆ ಮನೆ ದಾಟಿ ಜಗಲಿಗೆ ಬರುತ್ತೆ. ಏನೂ ಬದುಕದೆ ಆ ಘಮ ಎಲ್ಲಿಂದ ಬಂತು? ಅಂಗಡಿಯವರೇ ಹೇಳಿದ ಆ ಪ್ಲಾಂಟಾರಮ್ ಕೂಡ ತರಕಾರಿ ಹುಳಿ ಬಂದಾಗ ಬೆಳೆಯುವುದೇ.

ಲ್ಯಾಬ್ ಮೇಷ್ಟ್ರು
ಘಮ ಬರುವುದು ಮಿಡಿಯ ಸೊನೆಯಿಂದ. ಬ್ಯಾಕ್ಟೀರಿಯಾದಿಂದಲ್ಲ. ಉಪ್ಪು ಎಷ್ಟು ಹಾಕುತ್ತೀರಿ, ಅದನ್ನು ಹೇಳಿ.

ಹೊಸನಗರ ಹೈದ
ನಾಲ್ಕು ಸೇರು ಮಿಡಿಗೆ ಒಂದು ಸೇರು ಕಲ್ಲುಪ್ಪು. ಎಲ್ಲರ ಮನೆಯಲ್ಲೂ ಅದೇ ಅಳತೆ.

ಸಾಗರದ ಸೊಸೆ
ಎಲ್ಲರ ಮನೆಯಲ್ಲಿ ಅಲ್ಲ. ನಮ್ಮತ್ತೆ ಮೂರಕ್ಕೆ ಒಂದು ಹಾಕುತ್ತಾರೆ. ನಾಲ್ಕಕ್ಕೆ ಒಂದು ಹಾಕಿದ್ದು ಮಳೆಗಾಲ ದಾಟುವುದೇ ಇಲ್ಲ, ಮೆತ್ತಗಾಗುತ್ತೆ. ಮಿಡಿ ನೀರು ಬಿಟ್ಟ ಮೇಲೆ ಆ ಉಪ್ಪುನೀರನ್ನು ಸೋಸಿ, ಚೆನ್ನಾಗಿ ಕುದಿಸಿ, ಪೂರ್ತಿ ಆರಿಸಿಯೇ ಸಾಸಿವೆ, ಬ್ಯಾಡಗಿ ಮೆಣಸು ರುಬ್ಬುವುದು. ಕುದಿಸದೆ ಯಾರು ಹಾಕುತ್ತಾರೆ?

ಲ್ಯಾಬ್ ಮೇಷ್ಟ್ರು
ಥ್ಯಾಂಕ್ಸ್ ಅಕ್ಕ, ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ. ಲೆಕ್ಕ ಹಾಕಿ. ನಾಲ್ಕಕ್ಕೆ ಒಂದು ಅಂದರೆ ಸುಮಾರು 20% ಉಪ್ಪು. ಜರ್ಮನಿಯವರು ಎಲೆಕೋಸು ಹುಳಿ ಬರಿಸುವಾಗ ಹಾಕುವುದು 2ರಿಂದ 2.5%. ಅಲ್ಲಿ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಇಲ್ಲಿ ಇಲ್ಲ. ಹೊಸನಗರದವರು ಹುಳಿ ಬರಿಸುತ್ತಿಲ್ಲ, ಉಪ್ಪಿನಲ್ಲಿ ಕೆಡದ ಹಾಗೆ ಇಡುತ್ತಿದ್ದಾರೆ, ಅಷ್ಟೇ. ಮೇಲಿಂದ ಉಪ್ಪುನೀರು ಕುದಿಸಿದರೆ ಉಳಿದಿದ್ದೂ ಸತ್ತಿತು. ಸಾಸಿವೆಯ ಖಾರವೂ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ.

ಹೊಸನಗರ ಹೈದ
ಮೊದಲು ಕುದಿಸುವ ವಿಷಯ ಇತ್ಯರ್ಥ ಆಗಲಿ. ನಮ್ಮಲ್ಲಿ ಉಪ್ಪುನೀರು ಕುದಿಸುವುದಿಲ್ಲ. ಹಸಿಯಾಗೇ ಸಾಸಿವೆ ಅರೆದು ಕಲಸುತ್ತೇವೆ. ಕುದಿಸಿದರೆ ಮಿಡಿಯ ಪರಿಮಳವೇ ಹೋಗುತ್ತೆ. ಸಾಗರದವರಿಗೆ ಒಳ್ಳೆ ಮಿಡಿ ಸಿಗುವುದಿಲ್ಲ, ಅದಕ್ಕೆ ಕುದಿಸುತ್ತಾರೆ. ನಮ್ಮ ಕಡೆಯ ರಿಪ್ಪನ್‌ಪೇಟೆಯಿಂದ ಒಯ್ಯುವಷ್ಟರಲ್ಲಿ ಅರ್ಧ ಬಾಡಿರುತ್ತೆ.

ಸಾಗರದ ಸೊಸೆ
ಏನ್ರೀ ಮಾತು ಇದು? ನಮ್ಮ ತೋಟದ ಹಳ್ಳದ ಪಕ್ಕದಲ್ಲೇ ಜೀರಿಗೆ ಮಿಡಿಯ ಮರ ಇದೆ. ತೊಟ್ಟು ಮುರಿದರೆ ಜೀರಿಗೆ ಅರೆದ ಹಾಗೆ ವಾಸನೆ. ಮರ ಹತ್ತುವವರು ಸಿಗುವುದು ಕಷ್ಟ, ಮಿಡಿಗೇನೂ ಬರ ಇಲ್ಲ. ಕುದಿಸದ ಉಪ್ಪಿನಕಾಯಿಯ ಮೇಲೆ ಆಷಾಢದಲ್ಲಿ ಬಿಳಿ ಬೂಷ್ಟು ಕಟ್ಟುತ್ತಲ್ಲ, ಅದನ್ನು ಚಮಚದಲ್ಲಿ ಎತ್ತಿ ಹಾಕಿ ನೆಂಟರಿಗೆ ಬಡಿಸುವವರು ಯಾರು ಅಂತ ಗೊತ್ತು.

ತೀರ್ಥಹಳ್ಳಿ ಗೌಡ್ರು
ಬೂಷ್ಟು ಇದ್ದರೆ ಪ್ರೊಬಯೋಟಿಕ್ ಇದೆ ಅಂತ ತಾನೇ ಅರ್ಥ? ಹೈದ ಗೆದ್ದ ಬಿಡಿ 😂

ಲ್ಯಾಬ್ ಮೇಷ್ಟ್ರು
ಗೌಡ್ರೇ, ಅದು ಉಪ್ಪು ತಡೆಯುವ ಯೀಸ್ಟ್. ಎಲ್ಲ ಜೀವಿಯೂ ಪ್ರೊಬಯೋಟಿಕ್ ಆಗುವುದಿಲ್ಲ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಸೇರಿ ಹೇಳಿದ್ದು ಇಷ್ಟು: ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ತಿಂದವರಿಗೆ ಆರೋಗ್ಯದ ಲಾಭ ಆಗಬೇಕು. ಬೂಷ್ಟಿನಿಂದ ಯಾರಿಗೆ ಏನು ಲಾಭ ಆಯ್ತು?

ಔಷಧಿ ಅಂಗಡಿ
"ಯೀಸ್ಟ್" ಅಂತ ಸಸಾರ ಮಾಡಬೇಡಿ. ಆಂಟಿಬಯೋಟಿಕ್ ಜೊತೆ ಡಾಕ್ಟರ್‌ಗಳು ಬರೆಯುವ ಸ್ಯಾಕರೋಮೈಸಿಸ್ ಬೂಲಾರ್ಡಿ ಯೀಸ್ಟೇ. ಆಂಟಿಬಯೋಟಿಕ್‌ಗೆ ಅದು ಸಾಯುವುದಿಲ್ಲ, ಅದೇ ಅದರ ಗುಣ. ಹೆನ್ರಿ ಬೂಲಾರ್ ಅನ್ನುವ ಫ್ರೆಂಚ್ ವಿಜ್ಞಾನಿ 1920ರ ದಶಕದಲ್ಲಿ ಇಂಡೋಚೈನಾದಲ್ಲಿ ಲಿಚಿ, ಮ್ಯಾಂಗೋಸ್ಟೀನ್ ಹಣ್ಣುಗಳಿಂದ ಅದನ್ನು ಬೇರ್ಪಡಿಸಿದ.

ಹೊಸನಗರ ಹೈದ
ಮ್ಯಾಂಗೋಸ್ಟೀನ್ ಅಂದರೆ ನಮ್ಮ ಮುರುಗಲಿನ ಕುಟುಂಬ! ಹಾಗಾದರೆ ಮುರುಗಲು ಪಾನಕದಲ್ಲೂ ಅದು ಇರಲೇಬೇಕಲ್ಲ.

ಲ್ಯಾಬ್ ಮೇಷ್ಟ್ರು
ಇರಲೇಬೇಕು ಅನ್ನುವುದು ಎಲ್ಲಿಂದ ಬಂತು? ಸಂಬಂಧಿಕರ ಮನೆಯಲ್ಲಿ ಕಾರಿದ್ದರೆ ನಿಮ್ಮನೆಯಲ್ಲೂ ಇರುತ್ತಾ?

ಹೊಸನಗರ ಹೈದ
ಉಪ್ಪಿನ ವಿಷಯಕ್ಕೆ ಬನ್ನಿ, ಜಾರಿಕೊಳ್ಳಬೇಡಿ. ನನ್ನ ತಂಗಿ ಫುಡ್ ಟೆಕ್ನಾಲಜಿ ಓದಿದವಳು. ಈಗಷ್ಟೇ ಕೇಳಿದೆ. ಸೋಯಾ ಸಾಸ್ ಮಾಡುವಾಗ ಉಪ್ಪು 16ರಿಂದ 18% ಇರುತ್ತಂತೆ. ಅದರಲ್ಲೂ ಟೆಟ್ರಾಜಿನೋಕಾಕಸ್ ಅನ್ನುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತಂತೆ. "ಏನೂ ಬದುಕುವುದಿಲ್ಲ" ಅಂದಿದ್ದಿರಿ. ಈಗ ಹೇಳಿ.

ಲ್ಯಾಬ್ ಮೇಷ್ಟ್ರು
ಸೋಯಾ ಸಾಸನ್ನು ಮಾರುವ ಮೊದಲು ಬಿಸಿ ಮಾಡುತ್ತಾರೆ, ಅದನ್ನು ತಂಗಿ ಹೇಳಲಿಲ್ವಾ? ಅಲ್ಲದೆ ಅದರ ಹುಳಿ ಬೇರೆ, ಮಾವಿನ ಮಿಡಿಯ ಹುಳಿ ಬೇರೆ. ನಾನು ಹೇಳಿದ್ದು ಮಿಡಿಯ ಬಗ್ಗೆ.

ಹೊಸನಗರ ಹೈದ
"ಏನೂ" ಅಂದರೆ ಏನೂ. ಸ್ಕ್ರೀನ್‌ಶಾಟ್ ಇದೆ.

ಗೋಪಾಳ ಅಕ್ಕ
ಅಣ್ಣಂದಿರಾ, ನಾನು ಉಪ್ಪಿನಕಾಯಿ ಕೇಳಲಿಲ್ಲ. ಆ ಮೂರು ಡಬ್ಬಿ ತಗೊಳ್ಳಬೇಕಾ?

ಬೆಂಗಳೂರು ಮಲ್ನಾಡಿಗ
ಅಕ್ಕ, ಖಂಡಿತ ತಗೊಳ್ಳಿ. ನಾನು ಪ್ರೊಬಯೋಟಿಕ್, ಅರಿಶಿನ ವಿತ್ ಪೆಪ್ಪರ್, ಕೊಂಬುಚಾ (ಹುಳಿ ಬರಿಸಿದ ಟೀ) ಎಲ್ಲಾ ತಗೊಳ್ತೀನಿ. ಎನರ್ಜಿ ಲೆವೆಲ್ಲೇ ಬೇರೆ. ನಮ್ಮೂರಿನವರು ಹೊಸದನ್ನು ಒಪ್ಪುವುದೇ ಇಲ್ಲ.

ಔಷಧಿ ಅಂಗಡಿ
ಅರಿಶಿನದ ಮಾತ್ರೆ ಮಾತ್ರ ಬೇಡ. ನಾನು ಅಂಗಡಿಯಲ್ಲಿ ಇಡುತ್ತೇನೆ, ಆದರೂ ಹೇಳುತ್ತೇನೆ. ಸಾರಿಗೆ ಹಾಕುವ ಚಿಟಿಕೆ ಬೇರೆ, ಕರಿಮೆಣಸಿನ ಸತ್ವ ಸೇರಿಸಿದ ಮಾತ್ರೆ ಬೇರೆ. ಮೆಣಸಿನ ಪೈಪರಿನ್‌ನಿಂದ ಅರಿಶಿನದ ಸಾರ ರಕ್ತಕ್ಕೆ ಹತ್ತುವುದು ಎಷ್ಟೋ ಪಟ್ಟು ಜಾಸ್ತಿ. 2022ರಲ್ಲಿ ಅಮೆರಿಕದ ವೈದ್ಯರು ಅರಿಶಿನದ ಮಾತ್ರೆಯಿಂದ ಲಿವರ್ ಕೆಟ್ಟ 10 ಜನರ ವಿವರ ಬರೆದಿದ್ದಾರೆ. ನಿಮ್ಮ ಯಜಮಾನ್ರು ಹಲ್ಲುನೋವಿಗೆ ಬೇರೆ ಮಾತ್ರೆಗಳನ್ನೂ ತಗೊಂಡಿರುತ್ತಾರೆ, ಅದರ ಮೇಲೆ ಇದೂ ಬೇಡ.
ನಾರಿನ ಪುಡಿ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ನೋಡಿ. ಹೆಚ್ಚು ಕಡಿಮೆ ಇಸಬ್‌ಗೋಲೇ ಇರುತ್ತೆ. ಅದು ಬಿಡಿಯಾಗಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ. ನೀರು ಜಾಸ್ತಿ ಕುಡಿಯದೆ ತಗೊಂಡರೆ ಇನ್ನೂ ಕಟ್ಟಿಕೊಳ್ಳುತ್ತೆ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ದಿನಕ್ಕೆ ನಾಲ್ಕೈದು ಸಲ ನೀರಾಗಿ ಹೋದರೆ ಇಲ್ಲಿ ಕೇಳಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಬೆಂಗಳೂರು ಮಲ್ನಾಡಿಗ
140 ಕೋಟಿ ಜನ ಅರಿಶಿನ ತಿಂತಾರೆ. 10 ಜನರ ಕಥೆ ಹೇಳಿ ಹೆದರಿಸ್ತೀರಲ್ಲ.

ಔಷಧಿ ಅಂಗಡಿ
ಸಾರು ಬೇರೆ, ಮಾತ್ರೆ ಬೇರೆ ಅಂತ ಮೇಲೇ ಬರೆದೆ. ಓದುವ ಅಭ್ಯಾಸ ಇದ್ದರೆ ಓದಿ.

ತೀರ್ಥಹಳ್ಳಿ ಗೌಡ್ರು
ಎಲ್ಲಾ ಬಿಡಿ. ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು) ತಿಂದು ನೋಡಿ, ಹೊಟ್ಟೆ ತಾನಾಗಿ ದಾರಿಗೆ ಬರುತ್ತೆ. ನಾರೂ ಸಿಕ್ಕಿತು, ಬಾಯಿಗೆ ರುಚಿಯೂ ಸಿಕ್ಕಿತು. ನನಗೆ ಬಿಪಿ ಇದೆ, ಉಪ್ಪಿನಕಾಯಿ ಮುಟ್ಟುವ ಹಾಗಿಲ್ಲ ಅಂದಿದ್ದಾರೆ. ನೀವು ಹೊಡೆದಾಡಿ.

ಲ್ಯಾಬ್ ಮೇಷ್ಟ್ರು
ಕಳಲೆ ತಿನ್ನಿ ಅಂತ ಗೊತ್ತಿಲ್ಲದವರಿಗೆ ಹೀಗೆ ಹೇಳಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೆಚ್ಚಿ, ದಿನಾ ನೀರು ಬದಲಿಸುತ್ತಾ ನೆನೆಸಿಟ್ಟು, ಬೇಯಿಸಿಯೇ ತಿನ್ನಬೇಕು.

ತೀರ್ಥಹಳ್ಳಿ ಗೌಡ್ರು
ನೆನೆಸದೆ ತಿನ್ನುವವರು ಮಲೆನಾಡಲ್ಲಿ ಹುಟ್ಟಿಲ್ಲ ಮೇಷ್ಟ್ರೇ. ನಮಗೇ ಕಳಲೆ ಪಾಠ!

ಸಾಗರದ ಸೊಸೆ
ಅಕ್ಕಾ, ಮಜ್ಜಿಗೆ ಸಾಕು. ಆದರೆ ಮಜ್ಜಿಗೆ ಹುಳಿ ಮಾಡಿ ಕುದಿಸಿದರೆ ಮೇಷ್ಟ್ರು ಹೇಳಿದ ಹಾಗೆ ಒಳಗಿದ್ದದ್ದು ಸಾಯುತ್ತೆ. ತಂಬುಳಿ ಮಾಡಿ. ಸೊಪ್ಪು, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಕೊನೆಗೆ ಹಾಕಿ. ಬಿಸಿ ಇರುವಾಗ ಹಾಕಬೇಡಿ. ಮಜ್ಜಿಗೆ ಎರಡು ದಿನದ ಹುಳಿಯದ್ದು ಬೇಡ.

ಹೊಸನಗರ ಹೈದ
ನೋಡಿ, ಈಗ "ಕುದಿಸಿದರೆ ಸಾಯುತ್ತೆ" ಅಂತ ಸಾಗರದವರೇ ಒಪ್ಪಿದರು. ಉಪ್ಪುನೀರು ಕುದಿಸುವಾಗ ಈ ಬುದ್ಧಿ ಎಲ್ಲಿ ಹೋಗಿತ್ತು?

ಸಾಗರದ ಸೊಸೆ
ಉಪ್ಪಿನಕಾಯಿ ಪ್ರೊಬಯೋಟಿಕ್ ಅಂತ ನಾನು ಯಾವತ್ತು ಹೇಳಿದೆ? ಅದು ಅನ್ನಕ್ಕೆ ನೆಂಚಿಕೊಳ್ಳುವುದಕ್ಕೆ, ವರ್ಷ ಕೆಡದೆ ಇರುವುದಕ್ಕೆ. ಔಷಧಿ ಮಾಡಿದ್ದು ನೀವು.

ಲ್ಯಾಬ್ ಮೇಷ್ಟ್ರು
ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತೆ. "ಪ್ರೊಬಯೋಟಿಕ್" ಅಂತ ಹೇಳಿ ದಿನಕ್ಕೆ ಮೂರು ಮಿಡಿ ತಿನ್ನಿಸಿದರೆ ಹೊಟ್ಟೆಗಿಂತ ಮೊದಲು ಬಿಪಿ ಏರುತ್ತೆ. ಗೌಡ್ರನ್ನು ಕೇಳಿ.

ಹೊಸನಗರ ಹೈದ
ಮೂರು ಮಿಡಿ ಅಂತ ನಾನು ಹೇಳಲಿಲ್ಲ. "ಒಂದು" ಅಂತ ಮೊದಲ ಕಾಮೆಂಟಲ್ಲೇ ಇದೆ. ಇನ್ನು ಮಾತಿನಲ್ಲಿ ಆಗುವುದಲ್ಲ ಇದು. ನಮ್ಮನೆ ಭರಣಿಯ ಉಪ್ಪುನೀರು ಒಂದು ಬಾಟಲಿ ಕೊಡುತ್ತೇನೆ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಯಾರಾದರೂ ಪರಿಚಯ ಇದ್ದರೆ ಲ್ಯಾಬಿನ ಪ್ಲೇಟ್ ಮೇಲೆ ಹಾಕಿ ಬ್ಯಾಕ್ಟೀರಿಯಾ ಎಷ್ಟಿವೆ ಅಂತ ಎಣಿಸಿ.

ಲ್ಯಾಬ್ ಮೇಷ್ಟ್ರು
ಎಣಿಸೋಣ. ಆದರೆ ನೀವು ತರುವ ಬಾಟಲಿ ಬೇಡ. ದಾರಿಯಲ್ಲಿ ಮೊಸರು ಬೆರೆಸಿದರೆ? ನಾನೇ ಬಂದು ಭರಣಿಯಿಂದ ತೆಗೆಯುತ್ತೇನೆ.

ಹೊಸನಗರ ಹೈದ
ಏನು ಮಾತು ಮೇಷ್ಟ್ರೇ! ಬನ್ನಿ. ಕೈ ತೊಳೆದುಕೊಂಡು ಬನ್ನಿ, ಒದ್ದೆ ಕೈ ಭರಣಿಗೆ ಹಾಕಿದರೆ ಅಮ್ಮ ಬಿಡುವುದಿಲ್ಲ.

ಸಾಗರದ ಸೊಸೆ
ಎಣಿಸುವುದಾದರೆ ನಮ್ಮನೆಯದ್ದೂ ಒಂದು ಎಣಿಸಿ. ಕುದಿಸಿದ್ದು ಕುದಿಸದ್ದು ಎರಡೂ ಪಕ್ಕಪಕ್ಕ ಇಡಿ. ಆಮೇಲೆ ರುಚಿಯನ್ನೂ ನೋಡಿ.

ಹೊಸನಗರ ಹೈದ
ರುಚಿಗೆ ಲ್ಯಾಬ್ ಬೇಡ, ಅದು ಎಲ್ಲರಿಗೂ ಗೊತ್ತಿದೆ.

ಸಾಗರದ ಸೊಸೆ
ಹೌದು, ಗೊತ್ತಿದೆ. ಅದಕ್ಕೇ ನಿಮ್ಮೂರಿನ ಮದುವೆಗೆ ಉಪ್ಪಿನಕಾಯಿ ನಮ್ಮಲ್ಲಿಂದ ಒಯ್ದದ್ದು.