ಭಾನುವಾರ ಪಾರ್ಕಿಗೆ ಕವರ್ ತನ್ನಿ, ಕಾಲೊರಸು ಹೆಣೆಯೋಣ

2ನೇ ಕ್ರಾಸ್, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮಳೆಗೆ ಮತ್ತೆ ಮೋರಿ ನೀರು ನಮ್ಮ ಮೆಟ್ಟಿಲವರೆಗೂ ಬಂತು. ಬೆಳಿಗ್ಗೆ ಪೌರಕಾರ್ಮಿಕರು ಚಪ್ಪಡಿ ಎತ್ತಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಒಳಗೆ ಬರೀ ಕವರ್. ತರಕಾರಿ ಕವರ್, ಹೂವಿನ ಕವರ್, ಹಾಲಿನ ಕವರ್, ಎಲ್ಲ ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಹಾಗೆ ಆಗಿದ್ದವು. ಆ ಅಕ್ಕ ಬರಿಗೈಲಿ ಎಳೆಯುತ್ತಿದ್ದರು. ನೋಡಿ ಹೊಟ್ಟೆ ಕಿವುಚಿದಂತಾಯಿತು.

ನಮ್ಮ ರಾಜ್ಯದಲ್ಲಿ ಕ್ಯಾರಿ ಬ್ಯಾಗ್ ನಿಷೇಧ ಆಗಿದ್ದು 2016ರಲ್ಲೇ. ಆದರೂ ನಮ್ಮೆಲ್ಲರ ಅಡುಗೆಮನೆ ಬಾಗಿಲ ಹಿಂದೆ ಒಂದು ಕವರಿನೊಳಗೆ ಹತ್ತಾರು ಕವರ್ ನೇತಾಡುತ್ತಿರುತ್ತವೆ, ಅಲ್ವಾ? ಆ ಗಂಟನ್ನು ಕಸಕ್ಕೆ ಹಾಕಬೇಡಿ. ಭಾನುವಾರ 10 ಗಂಟೆಗೆ ಪಾರ್ಕಿಗೆ ತನ್ನಿ, ಕಾಲೊರಸು ಹೆಣೆಯೋಣ.

4ನೇ ಕ್ರಾಸ್, ಮೊದಲ ಮಹಡಿ:
ಮೇಡಂ, ನಾನು ಬರುತ್ತೇನೆ. ಆದರೆ ಕವರ್ ಮನೆಗೆ ಬರುವುದೇ ನಿಲ್ಲಬೇಕಲ್ವಾ?

2ನೇ ಕ್ರಾಸ್, ಮೂಲೆ ಮನೆ:
ನಿಜ ಸರ್. ಬಟ್ಟೆ ಚೀಲ ಮೊದಲು, ಇದು ಆಮೇಲೆ. ನನ್ನ ಮೊದಲ ಕಾಲೊರಸಿಗೆ 52 ಕವರ್ ಹಿಡಿದವು. ಒಂದೊಂದನ್ನೂ ತೊಳೆದು ಕತ್ತರಿಸಿದ ಮೇಲೆ ಅಂಗಡಿಯಲ್ಲಿ ಕವರ್ ಕೊಡಿ ಅಂತ ಕೇಳಲು ಬಾಯಿ ಬರಲಿಲ್ಲ.

3ನೇ ಕ್ರಾಸ್, ಬೇವಿನ ಮರದ ಮನೆ:
ಆಂಟಿ, ಹೇಗೆ ಮಾಡುವುದು ಅಂತ ಇಲ್ಲೇ ಬರೀತೀರಾ? ಮಕ್ಕಳು ಈಗಲೇ ಶುರು ಮಾಡುತ್ತಾರಂತೆ.

2ನೇ ಕ್ರಾಸ್, ಮೂಲೆ ಮನೆ:
ಬರೀತೀನಿ ಪುಟ್ಟಿ. ಕವರನ್ನು ನೆಲಕ್ಕೆ ಹಾಸಿ ಅಂಗೈಯಲ್ಲಿ ಒತ್ತಿ ಗಾಳಿ ತೆಗೆ. ಮೇಲಿನ ಕಿವಿ, ತಳದ ಅಂಟು ಎರಡನ್ನೂ ಕತ್ತರಿಸಿ ತೆಗೆದುಬಿಡು. ಉಳಿದಿದ್ದನ್ನು ಪಂಚೆ ಮಡಿಸುವ ಹಾಗೆ ಉದ್ದಕ್ಕೆ ಮಡಿಸಿ, ಎರಡು ಬೆರಳಗಲಕ್ಕೆ ಅಡ್ಡಡ್ಡ ಕತ್ತರಿಸು. ಬಿಡಿಸಿದರೆ ದೊಡ್ಡ ಬಳೆಗಳು ಸಿಗುತ್ತವೆ. ರಬ್ಬರ್ ಬ್ಯಾಂಡ್ ಒಂದಕ್ಕೊಂದು ಸಿಕ್ಕಿಸುವ ಹಾಗೆ ಅವನ್ನು ಸೇರಿಸುತ್ತಾ ಹೋಗು. ಗಂಟನ್ನು ನಿಧಾನಕ್ಕೆ ಎಳಿ, ತೆಳು ಕವರ್ ಪರ್ ಅಂತ ಹರಿದುಹೋಗುತ್ತದೆ. ಮೂರು ಎಳೆ ತೆಗೆದುಕೊಂಡು ಬಿಗಿಯಾಗಿ ಜಡೆ ಹಾಕು. ಆ ಜಡೆಯನ್ನು ಚಕ್ಕುಲಿ ಹಾಗೆ ಸುತ್ತುತ್ತಾ ದಬ್ಬಳದಲ್ಲಿ ನೈಲಾನ್ ದಾರ ಹಾಕಿ ಹೊಲಿ. ಕ್ರೋಶಾ ಗೊತ್ತಿದ್ದವರು ದಪ್ಪ ಕಡ್ಡಿಯಲ್ಲಿ ಇದೇ ಎಳೆಯಿಂದ ಚೀಲವನ್ನೂ ಹೆಣೆಯಬಹುದು.

1ನೇ ಕ್ರಾಸ್, ತುಳಸಿಕಟ್ಟೆ ಮನೆ ಅಜ್ಜಿ:
ನಾವು ಹಿಂದೆ ವೈರ್ ಬುಟ್ಟಿ ಹೆಣೆಯುತ್ತಿದ್ದೆವು ಕಣಮ್ಮ. ಹಾಲಿನ ಕವರಿನ ಪಟ್ಟಿ ಮಡಿಸಿ ಕೂರುವ ಚಾಪೆಯನ್ನೂ ಹೆಣೆದಿದ್ದೇನೆ. ಹೇಳಿಕೊಡುತ್ತೇನೆ. ಹಾಲು ಬಗ್ಗಿಸಿದ ತಕ್ಷಣ ಕವರನ್ನು ಒಳಗು ಹೊರಗು ಮಾಡಿ ಸೋಪು ಹಾಕಿ ತೊಳೆಯಿರಿ. ಜಿಡ್ಡು ಉಳಿದರೆ ಚಾಪೆಯೆಲ್ಲ ಹುಳಿ ವಾಸನೆ. ಮೂಲೆ ಕತ್ತರಿಸುವಾಗ ಆ ಚೂರು ಕವರಿಗೆ ಅಂಟಿಕೊಂಡೇ ಇರಲಿ. ಉದುರಿದ ಚೂರು ಯಾರ ಕೈಗೂ ಸಿಗುವುದಿಲ್ಲ, ನೇರ ಮೋರಿಗೆ.

4ನೇ ಕ್ರಾಸ್, ಮೊದಲ ಮಹಡಿ:
ಹಾಲಿನ ಕವರ್ ನನಗೂ ಉಳಿಸಿ. ತಳದಲ್ಲಿ ಎರಡು ತೂತು ಮಾಡಿ ನುಗ್ಗೆ, ಪರಂಗಿ ಸಸಿ ಎಬ್ಬಿಸುತ್ತೇನೆ. ಬೇಕಾದವರು ಒಯ್ಯಿರಿ.

3ನೇ ಕ್ರಾಸ್, ಬೇವಿನ ಮರದ ಮನೆ:
ಇಸ್ತ್ರಿ ಪೆಟ್ಟಿಗೆಯಲ್ಲಿ ಕವರ್ ಅಂಟಿಸಿ ಶೀಟ್ ಮಾಡುವ ವಿಡಿಯೊ ನೋಡಿದೆ. ಮಾಡೋಣವಾ?

2ನೇ ಕ್ರಾಸ್, ಮೂಲೆ ಮನೆ:
ಬೇಡ ಪುಟ್ಟಿ. ಕಾವು ಸ್ವಲ್ಪ ಜಾಸ್ತಿ ಆದರೂ ಹೊಗೆ ಬರುತ್ತದೆ. ಮಕ್ಕಳು ಸುತ್ತ ಇರುತ್ತಾರೆ.

ಇನ್ನೊಂದು ಮಾತು ಎಲ್ಲರಿಗೂ. ಕವರ್ ನೆರಳಲ್ಲಿ ಒಣಗಿಸಿ. ಹೆಣೆದ ಚಾಪೆಯನ್ನು ತಾರಸಿ ಬಿಸಿಲಿಗೆ ಹಾಕಬೇಡಿ. ನನ್ನದೊಂದು ಬೇಸಿಗೆಯಲ್ಲಿ ಹಪ್ಪಳದ ಹಾಗೆ ಪುಡಿಯಾಯಿತು. ಆ ಪುಡಿಯನ್ನು ಗುಡಿಸಿ ತೆಗೆಯಲೂ ಆಗಲಿಲ್ಲ, ಪೂರ್ತಿ ಕವರಿಗಿಂತ ಅದೇ ಕೆಟ್ಟದ್ದು. ಬಟ್ಟೆಯ ಹಾಗೆ ಕಾಣುವ ಬಣ್ಣದ ಚೀಲಗಳೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ಹರಿಯುವವರೆಗೂ ಸಂತೆಗೆ ಅವನ್ನೇ ಒಯ್ಯಿರಿ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಪೊಟ್ಟಣ ಭಾನುವಾರ ತರಬೇಡಿ, ಒಣ ಕಸಕ್ಕೆ ಕೊಡಿ.

4ನೇ ಕ್ರಾಸ್, ಮೊದಲ ಮಹಡಿ:
ಮೊದಲ ಚಾಪೆಗಳನ್ನು ಪೌರಕಾರ್ಮಿಕರಿಗೆ ಕೊಡೋಣವಾ? ಬೆಳಿಗ್ಗೆ ಫುಟ್‌ಪಾತಿನ ಮೇಲೇ ಕೂತು ತಿಂಡಿ ತಿನ್ನುತ್ತಾರೆ.

2ನೇ ಕ್ರಾಸ್, ಮೂಲೆ ಮನೆ:
ಬೆಳಿಗ್ಗೆ ಆ ಅಕ್ಕನನ್ನೇ ಕೇಳಿದೆ ಸರ್. "ಚಾಪೆ ಕೊಡಿ ಅಮ್ಮ, ಕೂರೋಕೆ ಆಗುತ್ತೆ. ಅದಕ್ಕೂ ಮೊದಲು ಕೈಗವಸು ಕೊಡಿಸಿ" ಅಂದರು.

4ನೇ ಕ್ರಾಸ್, ಮೊದಲ ಮಹಡಿ:
ಕೈಗವಸು ನಾನು ತರುತ್ತೇನೆ. ಎಷ್ಟು ಜೊತೆ ಬೇಕು?

2ನೇ ಕ್ರಾಸ್, ಮೂಲೆ ಮನೆ:
ನಾಲ್ಕು ಜೊತೆ ಸರ್. ಮೊಣಕೈವರೆಗೂ ಬರುವಂಥದ್ದು.