ಅಪ್‌ಡೇಟ್: ದೀಪ ಹಿಡಿದ ಕೈಗೆ ಕೊನೆಗೂ ಬೆಳಕು ಬಂತು
ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಆಯಿಲ್‌ನಲ್ಲಿ ಕಾಪಿ ಮಾಡುತ್ತಿದ್ದೇನೆ, ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಸುಣ್ಣ ಬಳಿದ ಹಾಗೆ ಕಾಣುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ಬಿಳಿ ಕಮ್ಮಿ ಮಾಡಿ ಅಂದವರಿಗೆ ಥ್ಯಾಂಕ್ಸ್. ಟೈಟಾನಿಯಂ ವೈಟ್ ಜಾಸ್ತಿಯಾದರೆ ಬಣ್ಣದ ಬಿಸಿಯೇ ಹೋಗುತ್ತದೆ. ಈಗ ಬೆರಳ ಅಂಚಿಗೆ ಕ್ಯಾಡ್ಮಿಯಂ ಆರೆಂಜ್, ಒಣಗಿದ ಮೇಲೆ ಕೆಂಪಿನ ತೆಳು ಪದರ. ಬೆಳಕು ಚರ್ಮದ ಒಳಗಿಂದಲೇ ಬಂದ ಹಾಗಿದೆ.

ನೆರಳಿಗೆ ಕಪ್ಪು ಟ್ಯೂಬ್ ಮುಟ್ಟಲೇ ಇಲ್ಲ, ಬರ್ನ್ಟ್ ಅಂಬರ್ (ಗಾಢ ಕಂದು) ಜೊತೆ ಅಲ್ಟ್ರಾಮರೀನ್ (ಕಡು ನೀಲಿ) ಸಾಕು. ಒಣಗಿ ಮಂಕಾದ ಕಡೆ ಲಿನ್ಸೀಡ್ ಎಣ್ಣೆ ತೆಳ್ಳಗೆ ಸವರಿ ಒರೆಸಿದೆ, ಕತ್ತಲು ವಾಪಸ್ ಬಂತು.

ಅಂದಹಾಗೆ, ಕೆಲವರು ಅಂದುಕೊಳ್ಳುವ ಹಾಗೆ ಮೂಲ ಚಿತ್ರ ರವಿವರ್ಮನದ್ದಲ್ಲ, ಆಯಿಲ್ ಕೂಡ ಅಲ್ಲ, ಜಲವರ್ಣ! ಸೀರೆಯ ನೆರಿಗೆ ಇನ್ನೂ ಬಾಕಿ.